ಸುರುಳಿಗೆ ತೆಗೆದ ದೃಷ್ಟಿ

ಬಿಳಿ ಹರಿಯುವುದನ್ನು ನೋಡುತ್ತ ಕೂತಿರುವುದೇ ನನ್ನ ಉದ್ಯೋಗ ಎಂದರೆ ಜನ ನಗುತ್ತಾರೆ. ನಗಲಿ. ಶಿರಸಿ ಪೇಟೆಯನ್ನು ಬೆನ್ನಿಗೆ ಹಾಕಿ ಕೈಗಾರಿಕಾ ವಸಾಹತಿನ ಕಡೆ ತಿರುಗಿದರೆ ಮೊದಲು ಮರ ಕೊಯ್ಯುವ ಮಿಲ್ಲು, ಆಮೇಲೆ ಸಿಮೆಂಟು ಇಟ್ಟಿಗೆ ಒಣಗಿಸುವ ಅಂಗಳ, ಅದರಾಚೆ ನಮ್ಮ ತಗಡಿನ ಶೆಡ್ಡು. ಒಳಗೊಂದು ಬಿಸಿನೀರಿನ ತೊಟ್ಟಿ, ತೊಟ್ಟಿಯಲ್ಲಿ ಮುಳುಗಿದ ಉಕ್ಕಿನ ಕೊಳವೆಯ ಸುರುಳಿ, ಸುರುಳಿಯ ಕೊನೆಯಲ್ಲಿ ಒಳಗಿನದು ಕಾಣುವಂಥ ಪೈಪಿನ ಒಂದು ತುಂಡು. ಆ ತುಂಡಿನ ಎದುರಿಗೆ ನನ್ನ ಸ್ಟೂಲು. ಪೈಪಿನೊಳಗೆ ಬಿಳಿಯದು ಬರುತ್ತಲೇ ಇರುತ್ತದೆ. ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯುತ್ತದೆ ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಸ್ವಲ್ಪ ಹೊತ್ತು ನೋಡಿದರೆ ಅದು ನಿಂತುಬಿಟ್ಟಿದೆ, ನಾನೇ ಸ್ಟೂಲಿನ ಸಮೇತ ಹಿಂದಕ್ಕೆ ಸರಿಯುತ್ತಿದ್ದೇನೆ ಎನ್ನಿಸುತ್ತದೆ. ಆಗ ಒಮ್ಮೆ ಕಣ್ಣು ಉಜ್ಜಿಕೊಂಡು ಒತ್ತಡದ ಗೇಜಿನ ಮುಳ್ಳು ನೋಡಬೇಕು. ಮುಳ್ಳು ಅಲುಗದಿದ್ದರೆ ಮತ್ತೆ ಬಿಳಿಗೆ ಮರಳಬಹುದು.

ನೆಂಟರ ಮನೆಗೆ ಹೋದಾಗ ಯಾರಾದರೂ, "ಅಲ್ಲಿ ಎಂತ ಮಾಡ್ತೆ?" ಎಂದು ಕೇಳಿದರೆ, "ಹಾಲು ಕಾಯ್ತೆ" ಎಂದುಬಿಡುತ್ತೇನೆ. ವಿವರಿಸಲು ಹೋದರೆ ಅರ್ಧಕ್ಕೇ ಅವರ ಕಣ್ಣು ಒಲೆಯ ಕಡೆ ಹೋಗುತ್ತದೆ. ನನಗೂ ತಾಳ್ಮೆ ಕಡಿಮೆ.

ಅದು ಹಾಲಲ್ಲ. ಗೋಡೆಗೆ ಬಳಿಯುವ ಬಣ್ಣ ಗೋಡೆಯಲ್ಲೇ ಉಳಿಯಬೇಕಾದರೆ ಅದರಲ್ಲೊಂದು ಅಂಟು ಬೇಕು. ಅಂಟು ಅಂದರೆ ಪ್ಲಾಸ್ಟಿಕ್ಕಿನಂಥದೇ ಒಂದು ವಸ್ತು, ಆದರೆ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಹನಿಗಳಾಗಿ ನೀರಿನಲ್ಲಿ ತೇಲುತ್ತಿರುತ್ತದೆ. ಹನಿಗಳು ಒಂದನ್ನೊಂದು ಮುಟ್ಟದೆ ತೇಲುವವರೆಗೆ ಅದು ಬಿಳಿ, ಅಂಚಿನಲ್ಲಿ ತುಸು ನೀಲಿ. ಗಾಜಿನ ಮೇಲೆ ತೆಳ್ಳಗೆ ಎಳೆದು ಬಿಟ್ಟರೆ ನೀರು ಆರುತ್ತದೆ, ಹನಿಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಬಿಳಿ ಅಂಚಿನಿಂದ ನಡುವಿನ ಕಡೆಗೆ ಮೆಲ್ಲಗೆ ಮಾಯವಾಗುತ್ತದೆ. ಕೊನೆಗೆ ಗಾಜಿನ ಮೇಲೆ ಏನೂ ಇಲ್ಲವೇನೋ ಎಂಬಂತೆ ಒಂದು ಪೊರೆ ಉಳಿಯುತ್ತದೆ. ನಾನು ಇದನ್ನು ದಿನವೂ ನೋಡುತ್ತೇನೆ, ದಿನವೂ ಬಿಳಿ ಹೋದದ್ದೆಲ್ಲಿಗೆ ಎಂದು ಒಂದು ಕ್ಷಣ ಹುಡುಕುತ್ತೇನೆ.

ಇದನ್ನೆಲ್ಲ ನನಗೆ ಕಲಿಸಿದವಳು ಅತ್ತಿಗೆ, ಅಣ್ಣನ ಹೆಂಡತಿ. ಯಲ್ಲಾಪುರದ ಕಡೆಯವಳು, ರಸಾಯನಶಾಸ್ತ್ರ ಓದಿದವಳು. ಮದುವೆಗೆ ಮೊದಲು ಹೊರಗೆಲ್ಲೋ ಇಂಥದೇ ಕಾರ್ಖಾನೆಯಲ್ಲಿದ್ದಳು. ಅಣ್ಣನದು ಶಿರಸಿಯಲ್ಲಿ ಮೋಟರ್ ರಿಪೇರಿಯ ಅಂಗಡಿ. ಅವನಷ್ಟು ಸಾಧು ಮನುಷ್ಯ ಇನ್ನೊಬ್ಬನಿಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಾನೆ, ಅದೇ ಅವನ ಗುಣ, ಅದೇ ಅವನ ದೋಷ. ನಾನು ಮದುವೆ ಬೇಡವೆಂದು ಹಟ ಹಿಡಿದು ಮನೆಯಲ್ಲೇ ಉಳಿದವಳು, ಬಾಯಿ ಜೋರು ಎಂದು ಊರಿಗೆಲ್ಲ ಗೊತ್ತು. "ಮನೇಲಿ ಕೂತು ಎಲ್ಲರ ಹತ್ರ ಜಗಳ ಆಡೋ ಬದಲು ಬಾ, ಮಶೀನಿನ ಹತ್ರ ಆಡು" ಎಂದು ಅತ್ತಿಗೆ ನನ್ನನ್ನು ಶೆಡ್ಡಿಗೆ ಎಳೆದುಕೊಂಡು ಬಂದಳು.

ಮೊದಮೊದಲು ನಮ್ಮಲ್ಲಿ ಇದ್ದದ್ದು ಒಂದು ದೊಡ್ಡ ಮುಚ್ಚಿದ ಹಂಡೆ, ಅಷ್ಟೆ. ಎಲ್ಲವನ್ನೂ ಹಾಕು, ಕಾಯಿಸು, ತಿರುಗಿಸು, ತಣಿಸು, ಇಳಿಸು, ತೊಳೆ. ಮತ್ತೆ ಹಾಕು. ಪ್ರತಿಸಲವೂ ಪಾಕ ಒಂದೊಂದು ತೆರ. ಒಂದು ದಿನ ತೆಳು, ಒಂದು ದಿನ ಮಂದ, ಒಂದು ದಿನ ಸಣ್ಣ ಸಣ್ಣ ಗಂಟು. ಅತ್ತಿಗೆಗೆ ಅದು ಸರಿಬರಲಿಲ್ಲ. ಒಂದು ಕಡೆಯಿಂದ ಕಚ್ಚಾ ದ್ರವ ಹೋಗುತ್ತಿರಬೇಕು, ಬಿಸಿ ಕೊಳವೆಯಲ್ಲಿ ಸುತ್ತುತ್ತ ಸುತ್ತುತ್ತಲೇ ಪಾಕವಾಗಬೇಕು, ಇನ್ನೊಂದು ಕಡೆಯಿಂದ ಬೆಳಿಗ್ಗೆಯದೂ ಸಂಜೆಯದೂ ಒಂದೇ ಥರ ಬರುತ್ತಿರಬೇಕು, ನಡುವೆ ನಿಲ್ಲಬಾರದು ಎಂಬುದು ಅವಳ ತಲೆಯಲ್ಲಿ ಹೊಕ್ಕಿತ್ತು. ಅಣ್ಣ ಕೊಳವೆ ಬಗ್ಗಿಸಿಕೊಟ್ಟ, ಪಂಪುಗಳನ್ನು ಕೂರಿಸಿಕೊಟ್ಟ. ಹೀಗೆ ಸುರುಳಿ ಹುಟ್ಟಿತು.

ಸುರುಳಿಗೆ ದ್ರವ ಉಣಿಸುವ ಪಾತ್ರೆಗಳ ಪೈಕಿ ಎಲ್ಲಕ್ಕಿಂತ ಸಣ್ಣದು ಒಂದಿದೆ. ಅದರಲ್ಲಿ ಮೊದಲೇ ತಯಾರಾದ ಹಾಲು ಸ್ವಲ್ಪ ಇರುತ್ತದೆ. ಅದರ ಹನಿಗಳನ್ನೇ ಆಧಾರ ಮಾಡಿಕೊಂಡು ಹೊಸ ಹನಿಗಳು ಬೆಳೆಯುತ್ತವೆ. ನಾನು ಅದನ್ನು ಹೆಪ್ಪಿನ ಪಾತ್ರೆ ಎಂದು ಕರೆದೆ. ಅತ್ತಿಗೆಗೆ ಸಿಟ್ಟು ಬಂತು. "ಹೆಪ್ಪು ಹಾಕಿದ್ರೆ ಹಾಲು ಗಟ್ಟಿಯಾಗ್ತು ಮಾರಾಯ್ತಿ. ಇದು ಗಟ್ಟಿಯಾದ್ರೆ ನಮ್ಮ ಕತೆ ಮುಗಿದಂಗೆ" ಎಂದಳು. ಆದರೂ ಹೆಸರು ಅಂಟಿಕೊಂಡಿತು, ಈಗ ಅವಳೂ ಹಾಗೇ ಕರೆಯುತ್ತಾಳೆ. ಹಾಲು ಒಡೆಯಲು ಬಹಳ ಬೇಕಾಗಿಲ್ಲ. ಗಡಸು ನೀರಾದರೆ ಒಡೆಯುತ್ತದೆ, ಉಪ್ಪಾದರೆ ಒಡೆಯುತ್ತದೆ, ಸುಣ್ಣವಾದರಂತೂ ಕೇಳುವುದೇ ಬೇಡ. ಹಾಗಾಗಿ ಕವಳ, ಅಂದರೆ ಎಲೆಯಡಿಕೆ, ಹಾಕುವವರಿಗೆ ಶೆಡ್ಡಿನೊಳಗೆ ಪ್ರವೇಶವಿಲ್ಲ. ಎಲೆಗೆ ಹಚ್ಚಿ ಉಳಿದ ಸುಣ್ಣವನ್ನು ಕಂಬಕ್ಕೆ ಒರೆಸುವ ಅಭ್ಯಾಸ ನಮ್ಮ ಕಡೆಯವರಿಗೆ ರಕ್ತದಲ್ಲೇ ಇದೆ. ನಾನೇ ಅತ್ತಿಗೆಯ ದೆಸೆಯಿಂದ ಕವಳ ಬಿಟ್ಟೆ. ಆ ದುಃಖ ಇನ್ನೂ ಇದೆ.

ಆಯಿ, ಅಂದರೆ ನನ್ನ ತಾಯಿ, ಶೆಡ್ಡನ್ನು ಕಣ್ಣಿನಿಂದ ನೋಡಿದವಳೇ ಅಲ್ಲ. ಸೊಸೆ ಬೆಳಗಾಗುವ ಮೊದಲೇ ಎದ್ದು ಹೋಗುತ್ತಾಳೆ, ಹುಳಿಯ ವಾಸನೆ ಹೊತ್ತುಕೊಂಡು ಬರುತ್ತಾಳೆ, ಊಟಕ್ಕೆ ಕೂತರೂ ಕಿವಿ ಎಲ್ಲೋ ಇರುತ್ತದೆ ಎಂಬುದು ಆಯಿಯ ತಕರಾರು. "ಅದ್ಕೆ ಮನೆ ಕಂಡ್ರೆ ಆಗ್ತಿಲ್ಲೆ" ಎಂದು ನನ್ನ ಹತ್ತಿರ ಹೇಳುತ್ತಿದ್ದಳು. ಸೊಸೆಯ ಹತ್ತಿರ ಏನೂ ಹೇಳುತ್ತಿರಲಿಲ್ಲ. ಜಗಳವಾದರೂ ಆಡಿದ್ದರೆ ಒಂದು ದಾರಿ ಇರುತ್ತಿತ್ತು. ಬಡಿಸುವಾಗಲೂ ಮಾತಿಲ್ಲ, ಪಾತ್ರೆ ಸರಿಸಿಡುವುದು ಮಾತ್ರ. ಅತ್ತಿಗೆ ಬಂದ ಹೊಸದರಲ್ಲಿ ಒಮ್ಮೆ, "ಅತ್ತೆ, ಒಂದಿನ ಬಂದು ನೋಡ್ಕಂಡು ಹೋಗಿ" ಎಂದು ಕರೆದಿದ್ದಳು. "ಆನು ಬತ್ನಿಲ್ಲೆ" ಎಂದು ಆಯಿ ಒಳಗೆ ಹೋದಳು. ಅತ್ತಿಗೆ ಮತ್ತೆ ಕರೆಯಲಿಲ್ಲ. ಇಬ್ಬರ ನಡುವೆ ಸಿಕ್ಕಿಕೊಂಡ ಅಣ್ಣ ಊಟ ಮುಗಿಸುವುದರಲ್ಲಿ ಊರಿಗೇ ಮೊದಲಿಗನಾದ.

ಸುರುಳಿ ಕಟ್ಟಿದ ಮೇಲೆ ಅದು ನಿಲ್ಲದೆ ಓಡುತ್ತದೆ ಎಂದು ಯಾರಾದರೂ ನಂಬಬೇಕಿತ್ತು. ಹುಬ್ಬಳ್ಳಿ ಕಡೆಯ ಒಬ್ಬ ಬಣ್ಣ ತಯಾರಕರು ನಮ್ಮ ಹಂಡೆಯ ಮಾಲನ್ನು ಆಗೀಗ ಕೊಳ್ಳುತ್ತಿದ್ದರು. ಅವರು ತಮ್ಮ ಮನುಷ್ಯನೊಬ್ಬನನ್ನು ಕಳಿಸುತ್ತೇವೆ, ಬೆಳಗಿನಿಂದ ಸಂಜೆಯವರೆಗೆ ಕೂತು ನೋಡುತ್ತಾನೆ, ನಿಲ್ಲದೆ ಬಂದು, ಬೆಳಿಗ್ಗೆಯ ಹಾಲೂ ಸಂಜೆಯ ಹಾಲೂ ಒಂದೇ ಆಗಿದ್ದರೆ ಇನ್ನು ಮುಂದೆ ಎಲ್ಲವನ್ನೂ ನಿಮ್ಮಿಂದಲೇ ಎಂದರು. ಅತ್ತಿಗೆಯೂ ಅಣ್ಣನೂ ತಮ್ಮೊಳಗೆ ಒಂದು ಒಪ್ಪಂದ ಮಾಡಿಕೊಂಡಿದ್ದರು. ಆ ದಿನ ಸುರುಳಿ ಓಡಿದರೆ ಸರಿ. ಓಡದಿದ್ದರೆ ಬಿಚ್ಚಿ ಗುಜರಿಗೆ ಹಾಕುವುದು, ಶೆಡ್ಡಿಗೆ ಬೀಗ, ಅತ್ತಿಗೆ ಸಿದ್ದಾಪುರದ ಕಾಲೇಜಿನಲ್ಲಿ ಪಾಠ ಮಾಡಲು ಹೋಗುವುದು. ಅಲ್ಲಿಂದ ಕರೆ ಬಂದು ಕಾಯುತ್ತಿತ್ತು. ಅತ್ತಿಗೆ ಇದನ್ನು ನನಗೆ ಹೇಳುವಾಗ ಸುರುಳಿಯ ತೊಟ್ಟಿಯನ್ನು ಬಟ್ಟೆಯಿಂದ ಒರೆಸುತ್ತಿದ್ದಳು. ಒರೆಸಿದ್ದನ್ನೇ ಒರೆಸುತ್ತಿದ್ದಳು.

ಆ ದಿನ ಬೆಳಿಗ್ಗೆ ಇಬ್ಬನಿ ಎಷ್ಟು ದಟ್ಟವಾಗಿತ್ತೆಂದರೆ ಮಿಲ್ಲಿನ ಗರಗಸದ ಸದ್ದು ಕೇಳುತ್ತಿತ್ತು, ಮಿಲ್ಲು ಇರಲಿಲ್ಲ. ಶೆಡ್ಡಿನ ಬಾಗಿಲು ತೆರೆದರೆ ಹೊರಗೂ ಬಿಳಿ, ಒಳಗೆ ಪೈಪಿನಲ್ಲೂ ಬಿಳಿ. ಬಿಸಿನೀರಿನ ತೊಟ್ಟಿಯಿಂದ ಎದ್ದ ಉಗಿ ಬಾಗಿಲಿನವರೆಗೆ ಹೋಗಿ ಇಬ್ಬನಿಯ ಜೊತೆ ಸೇರಿಕೊಳ್ಳುತ್ತಿತ್ತು. ನಾನು ಸ್ಟೂಲಿನ ಮೇಲೆ ಕೂತು, ಇದೆಲ್ಲ ಒಂದೇ ದೊಡ್ಡ ಪೈಪಿನೊಳಗೆ ನಡೆಯುತ್ತಿದೆ, ನಾವೆಲ್ಲ ಅದರಲ್ಲಿ ಮೆಲ್ಲಗೆ ಸಾಗುತ್ತಿದ್ದೇವೆ ಎಂದು ಅಂದುಕೊಂಡೆ. ಆ ಹೊತ್ತಿಗೆ ಹೆದರಿಕೆಯೂ ಇರಲಿಲ್ಲ. ಪಂಪು ತನ್ನ ಪಾಡಿಗೆ ಟಕ್ ಟಕ್ ಎನ್ನುತ್ತಿತ್ತು. ಅತ್ತಿಗೆ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹೋಗಿಬಂದು ಮಾಡುತ್ತಿದ್ದಳು, ನಿದ್ದೆ ಬಂದ ಮಗುವಿನ ಸುತ್ತ ಓಡಾಡುವಂತೆ ಹೆಜ್ಜೆ ಇಡುತ್ತ.

ಹುಬ್ಬಳ್ಳಿಯವನು ಇಬ್ಬನಿಯೊಳಗಿಂದ ಚೀಲ ಹಿಡಿದು ಬಂದ. ಎತ್ತರದ ಆಸಾಮಿ, ಮಫ್ಲರು. ಅತ್ತಿಗೆ ಮೊದಲ ಹಾಲನ್ನು ಸೀಸೆಗೆ ಹಿಡಿದು ಕೊಟ್ಟಳು. ಅವನೇ ಗಾಜಿನ ಮೇಲೆ ಎಳೆದು, ಕಿಟಕಿಯ ಹತ್ತಿರ ಇಟ್ಟು, ಅದು ತಿಳಿಯಾಗುವವರೆಗೆ ಕಾದ. ಆಮೇಲೆ ಗಾಜನ್ನು ಎತ್ತಿ ಹಿಡಿದು ಅದರ ಮೂಲಕ ಹೊರಗೆ ನೋಡಿದ. "ಛಲೋ ಐತ್ರಿ ಮೇಡಂ" ಎಂದ. ಅತ್ತಿಗೆಯ ಕಿವಿ ಕೆಂಪಾಯಿತು. ಆಮೇಲೆ ಅವನು ನೀರು ಎಲ್ಲಿಂದ ತರುತ್ತೀರಿ, ಹೇಗೆ ಶುದ್ಧ ಮಾಡುತ್ತೀರಿ ಎಂದು ಕೇಳಿದ. ಅದನ್ನು ತೋರಿಸಲು ನಾವಿಬ್ಬರೂ ಅವನನ್ನು ಶೆಡ್ಡಿನ ಹಿಂಬದಿಗೆ ಕರೆದುಕೊಂಡು ಹೋದೆವು. ಆಗಷ್ಟೇ ಅಣ್ಣ ತಿಂಡಿಯ ಡಬ್ಬಿಗಳನ್ನು ತಂದಿದ್ದ. ಮುಳ್ಳು ನೋಡಿಕೋ ಎಂದು ಅವನಿಗೆ ಹೇಳಿ ಹೊರಟೆ.

ಹಿಂದಿರುಗಿ ಬಂದು ಎಲ್ಲರೂ ಅವಲಕ್ಕಿ ತಿಂದೆವು. ಬಿಸಿಲು ಬಂತು, ಮಿಲ್ಲು ಕಾಣಿಸಿತು. ನಾನು ಸ್ಟೂಲಿನಲ್ಲಿ ಅರ್ಧ ಕನಸಿನಲ್ಲಿದ್ದೆ. ಪೈಪಿನ ಬಿಳಿಗೆ ಒಂದು ಹೊಂಬಣ್ಣ ಬಂದ ಹಾಗಿತ್ತು. ಬಿಸಿಲಿಗೆ ಇರಬೇಕು ಎಂದುಕೊಂಡೆ. ಚೆಂದವಾಗಿಯೇ ಇತ್ತು. ಆಮೇಲೆ ಒತ್ತಡದ ಮುಳ್ಳು ಮೆಲ್ಲಗೆ ಏಳತೊಡಗಿತು. ನೋಡುತ್ತಿದ್ದ ಹಾಗೇ ಹರಿವು ಬಳ್ಳಿಯಷ್ಟು ಸಣ್ಣದಾಯಿತು, ಹನಿಯಾಯಿತು, ನಿಂತಿತು.

ಅತ್ತಿಗೆ ಒಂದೇ ಹೆಜ್ಜೆಗೆ ಬಂದು ಕಚ್ಚಾ ದ್ರವದ ಪಂಪು ನಿಲ್ಲಿಸಿದಳು. ಬಿಸಿನೀರು ಇಳಿಸಿ ತಣ್ಣೀರು ಬಿಟ್ಟಳು. ಕೊಳವೆ ತಣಿದ ಮೇಲೆ ಕೊನೆಯ ಜೋಡಣೆ ಬಿಚ್ಚಿ ಹಿಂದಿನಿಂದ ನೀರು ನೂಕಿದಾಗ, ಶ್ಯಾವಿಗೆಯಂಥ ಮೆತ್ತನೆಯ ಎಳೆ ಉದ್ದಕ್ಕೆ ಹೊರಗೆ ಬಂತು. ಬಿಳಿಯಲ್ಲ, ಹಳದಿ. ಗಿಣ್ಣದ ಹಾಲು ಕಾಯಿಸಿದರೆ ಹೇಗೆ ಗಟ್ಟಿಯಾಗಿ ಹಳದಿಯಾಗುತ್ತದೋ ಹಾಗೇ. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ನಮ್ಮಲ್ಲಿ ಹಳದಿ ಎನ್ನುವುದು ಯಾವ ಪಾತ್ರೆಯಲ್ಲೂ ಇಲ್ಲ.

ಅತ್ತಿಗೆ ಹೆಪ್ಪಿನ ಪಾತ್ರೆಯ ಹತ್ತಿರ ಹೋದಳು. ಪಾತ್ರೆಯ ಹೊರಮೈಯಲ್ಲಿ, ಅಂಚಿನಿಂದ ಕೆಳಗೆ, ಒಂದು ಕೆಂಪು ಗೆರೆ ಇಳಿದು ಒಣಗಿತ್ತು. ಅರಿಶಿನಕ್ಕೆ ಸುಣ್ಣ ಕದಡಿದರೆ ಬರುವ ಕೆಂಪು. ನಮ್ಮ ಮನೆಗಳಲ್ಲಿ ಮಗುವಿಗೆ, ಮದುಮಕ್ಕಳಿಗೆ, ದೂರದಿಂದ ಬಂದವರಿಗೆ ಸುತ್ತಿ ನಿವಾಳಿಸಿ ಹೊರಗೆ ಚೆಲ್ಲುವ ಓಕುಳಿ ನೀರಿನ ಕೆಂಪು, ಹುಟ್ಟಿದಾಗಿನಿಂದ ನೋಡಿದ್ದು, ತಪ್ಪುವಂತಿರಲಿಲ್ಲ. ಒಳಗೆ ಬಿದ್ದ ಹನಿಗಳು ಹಾಲಿನಲ್ಲಿ ಹಳದಿಯಾಗಿದ್ದವು, ಸುಣ್ಣ ತನ್ನ ಕೆಲಸ ಮಾಡಿತ್ತು. ಹುಬ್ಬಳ್ಳಿಯವನು ಬಿಚ್ಚಿದ ಜೋಡಣೆಯನ್ನು ನೋಡುತ್ತಿದ್ದ. ಅತ್ತಿಗೆ ಸೆರಗಿನ ತುದಿಯಿಂದ ಆ ಗೆರೆಯನ್ನು ಒರೆಸಿ ತೆಗೆದಳು. ನಾನು ಅಣ್ಣನನ್ನು ನೋಡಿದೆ. ಅವನು ತನ್ನ ಬೆರಳನ್ನು ನೋಡಿಕೊಳ್ಳುತ್ತಿದ್ದ, ಅದರ ತುದಿ ಕೆಂಪಗಿತ್ತು.

ಅವನನ್ನು ಹೊರಗೆ ಕರೆದುಕೊಂಡು ಹೋಗಿ ಹಿಡಿದು ಕೇಳಿದೆ. ಬೆಳಿಗ್ಗೆ ಆಯಿ ತಿಂಡಿಯ ಡಬ್ಬಿಗಳ ಜೊತೆ ಸಣ್ಣದೊಂದು ಡಬ್ಬಿಯಲ್ಲಿ ಓಕುಳಿ ನೀರು ತುಂಬಿ ಕೊಟ್ಟಿದ್ದಳಂತೆ.

"ಅದ್ಕೆ ದೃಷ್ಟಿ ತೆಗಿ ಹೇಳಿತ್ತು. ಇವತ್ತು ಎಲ್ಲರ ಕಣ್ಣೂ ಅದ್ರ ಮ್ಯಾಲೇ ಇದ್ದು ಹೇಳ್ತು" ಎಂದ ಅಣ್ಣ. "ಆನು ಮಶೀನಿಗೆ ನಿವಾಳಿಸ್ದೆ."

"ಮುಚ್ಚಳ ಎಂತಕ್ಕೆ ತೆಗೆದೆ?"

"ಅಲ್ಲಿ ತಲೆ ಇಪ್ಪಂಗೆ ಕಂಡ್ತು. ಮುಚ್ಚಳದ ಮ್ಯಾಲೆ ನಿವಾಳಿಸಿದ್ರೆ ಮುಚ್ಚಳದ ದೃಷ್ಟಿ ಮಾತ್ರ ಹೋಗ್ತು ಅಲ್ದಾ?"

ಇಂಥವನಿಗೆ ಏನು ಹೇಳುವುದು? ಹೇಳಿದೆ, ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ. ನಾಲ್ಕು ಹನಿ ಚೆಲ್ಲಿತಂತೆ, ಹಾಲಿನಲ್ಲಿ ಕರಗಿ ಹೋಗುತ್ತದೆ ಎಂದುಕೊಂಡನಂತೆ. ಕವಳ ಹಾಕದ ಗಂಡಸಿಗೆ ಸುಣ್ಣದ ಪಾಠ ಯಾರು ಮಾಡುತ್ತಾರೆ. ಅವನ ಮುಖ ನೋಡಿದರೆ ಸಿಟ್ಟಿನ ನಡುವೆಯೂ ಅಯ್ಯೋ ಪಾಪ ಎನ್ನಿಸಿತು.

ಅಷ್ಟರಲ್ಲಿ ಅತ್ತಿಗೆ ಬಂದಳು. ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. "ಅತ್ತೆ ಸುರುಳಿಗೆ ದೃಷ್ಟಿ ತೆಗೆಸ್ಚಾ?" ಎಂದಳು. ಅವಳ ಮುಖದಲ್ಲಿ ಏನೋ ಒಂದು ಬೆಳಕು ಬಂದು ಹೋಯಿತು. ಕೆಟ್ಟು ಕೂತ ಸುರುಳಿಯ ಎದುರಿಗೆ ಹಾಗೆ ಸಂತೋಷಪಡುವವರನ್ನು ನಾನು ನೋಡಿರಲಿಲ್ಲ, ನನಗೆ ಅವಳ ಮೇಲೂ ಸಿಟ್ಟು ಬಂತು.

ಒಳಗೆ ಹುಬ್ಬಳ್ಳಿಯವನು ಕೈ ತೊಳೆದುಕೊಂಡು ನಿಂತಿದ್ದ. "ನಿಂತಿದ್ದಕ್ಕ ನಂದೇನ ತಕರಾರ ಇಲ್ರಿ ಮೇಡಂ" ಎಂದ. "ಯಾವ ಮಶೀನ್ ನಿಲ್ಲಂಗಿಲ್ಲ ಹೇಳ್ರಿ. ಯಾಕ ನಿಂತು ಅನ್ನೂದು ಗೊತ್ತಾಗಬೇಕು. ಹೊರಗಿಂದ ಏನರ ಬಿದ್ದಿದ್ರ ಅದು ಬ್ಯಾರೆ ಮಾತು. ನೀವು ಹಾಕೂ ಬೀಜದ ಹಾಲ ಕೆಟ್ಟಿದ್ರ, ನಾಳೆನೂ ಕೆಡತೈತಿ."

ಬೀಜದ ಹಾಲು ಎಂದರೆ ನಮ್ಮ ಹೆಪ್ಪೇ. ಅವನು ದಾರಿಯನ್ನು ಹಾಸಿಯೇ ಕೊಟ್ಟಿದ್ದ. ಹೊರಗಿನಿಂದ ಸುಣ್ಣ ಬಿತ್ತು ಎಂದರೆ ಮುಗಿಯುತ್ತಿತ್ತು. ಅತ್ತಿಗೆ ಅವನ ಮುಖವನ್ನೇ ನೋಡುತ್ತ, "ಬೀಜದ ಹಾಲೇ ಕೆಟ್ಟಿತ್ತು. ನಾನು ಸರಿಯಾಗಿ ನೋಡಿರಲಿಲ್ಲ. ನನ್ನದೇ ತಪ್ಪು" ಎಂದಳು.

ಪೇಟೆಯಲ್ಲಿ ಊಟ ಮಾಡಿ ಬಂದು ಚೀಲ ತೆಗೆದುಕೊಂಡು ಹೊರಡುತ್ತೇನೆ ಎಂದ ಅವನು. ಮಫ್ಲರು ಸುತ್ತಿಕೊಂಡು ಹೋದ. ನಾನು ಅತ್ತಿಗೆಯನ್ನು ಹಿಡಿದು ಅಲುಗಿಸಿದೆ, ಎಂತ ಹುಚ್ಚು ನಿನಗೆ ಎಂದೆ. "ಹೊರಗಿನವರ ಎದುರಿಗೆ ಅತ್ತೆ ಹೆಸರು ತೆಗೀಲಾಗ" ಎಂದಳು ಅವಳು. "ಇಷ್ಟು ವರ್ಷದಲ್ಲಿ ಮೊದಲನೇ ಸಲ ಈ ಶೆಡ್ಡನ್ನ ನೆನಪು ಮಾಡ್ಕಂಡಿದ್ದು. ಅದನ್ನ ತಪ್ಪು ಹೇಳಿ ಹ್ಯಾಂಗೆ ಹೇಳಲಿ?" ಆಮೇಲೆ ಕೊಳವೆಗೆ ಬಿಸಿ ಸಾಬೂನು ನೀರು ಬಿಟ್ಟು ತೊಳೆಯಲು ಕೂತಳು. ಗುಜರಿಗೆ ಹೋಗುವ ಕೊಳವೆಯನ್ನು ಅಷ್ಟು ಚೊಕ್ಕ ಮಾಡುವ ಅಗತ್ಯವೇನಿತ್ತೋ.

ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ. ಶೆಡ್ಡಿನ ಹಿಂದೆ ಹೋಗಿ ಮನೆಗೆ ಫೋನು ಮಾಡಿದೆ. ಆಯಿ ಎತ್ತಿದಳು. ನಡೆದದ್ದನ್ನು ಅಲಂಕಾರವಿಲ್ಲದೆ ಹೇಳಿದೆ: ನಿನ್ನ ಓಕುಳಿ ನೀರು ಬಿದ್ದು ಹಾಲು ಒಡೆಯಿತು, ಸುರುಳಿ ನಿಂತಿತು, ನಿನ್ನ ಸೊಸೆ ನಿನ್ನ ಹೆಸರು ಹೇಳದೆ ತಪ್ಪನ್ನು ತನ್ನ ಮೇಲೆ ಹಾಕಿಕೊಂಡು ಕೂತಿದೆ, ಇನ್ನು ಸಿದ್ದಾಪುರಕ್ಕೆ ಹೋಗುತ್ತದೆ, ನಿನಗೆ ಸಮಾಧಾನವಾಗಿರಬೇಕು. ಆ ಕಡೆ ಫೋನು ಇಟ್ಟ ಸದ್ದು ಕೇಳಿತು.

ಹುಬ್ಬಳ್ಳಿಯವನು ಊಟ ಮುಗಿಸಿ ಬಂದು ಚೀಲ ಹೆಗಲಿಗೆ ಹಾಕುವ ಹೊತ್ತಿಗೆ ಶೆಡ್ಡಿನ ಎದುರು ಆಟೋ ನಿಂತಿತು. ಆಯಿ ಇಳಿದಳು. ಮನೆಯಲ್ಲಿ ಉಡುವ ಸೀರೆಯಲ್ಲೇ, ಒದ್ದೆ ಕೈಯಲ್ಲೇ ಬಂದಿದ್ದಳು. ಬಾಗಿಲಲ್ಲಿ ಒಂದು ಕ್ಷಣ ನಿಂತು ಒಳಗಿನ ತೊಟ್ಟಿ, ಪೈಪು, ಪಾತ್ರೆಗಳನ್ನೆಲ್ಲ ನೋಡಿದಳು. ಪರದೇಶಕ್ಕೆ ಬಂದ ಹಾಗಿತ್ತು ಅವಳ ನೋಟ. ಆಮೇಲೆ ನೇರ ಹುಬ್ಬಳ್ಳಿಯವನ ಎದುರು ಹೋಗಿ ನಿಂತಳು.

"ಅದು ಸುಳ್ಳು ಹೇಳ್ತಾ ಇದ್ದು. ನಂಬಡಿ" ಎಂದಳು.

ಅವನು ತಿರುಗಿ ಒತ್ತಡದ ಮುಳ್ಳನ್ನು ನೋಡಿದ. ಬಗ್ಗಿ, ಗಾಜಿನ ಮೇಲೆ ಬೆರಳಿನಿಂದ ತಟ್ಟಿ ನೋಡಿದ. "ಗೇಜು ಸರಿ ಐತಲ್ರಿ ಅಮ್ಮಾ" ಎಂದ.

ಅಂಥ ಹೊತ್ತಿನಲ್ಲಿಯೂ ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಮನೆಮಾತಿನಲ್ಲಿ ಹೆಂಗಸರು 'ಅವಳು' ಅಲ್ಲ, 'ಅದು'. ಮಗಳೂ ಅದು, ಸೊಸೆಯೂ ಅದು, ನಾನೂ ಅದು. ಕರುವೂ ಅದು, ಕೊಡಪಾನವೂ ಅದು. ನಮಗೆ ಅದರಲ್ಲಿ ಅಗೌರವ ಕಾಣುವುದಿಲ್ಲ, ಪ್ರೀತಿಯಿಂದಲೇ ಕರೆಯುತ್ತೇವೆ. ಅಮ್ಮ ಹೇಳುತ್ತಿರುವುದು ಗೇಜಿನ ವಿಷಯವಲ್ಲ, ಸೊಸೆಯ ವಿಷಯ ಎಂದು ಅವನಿಗೆ ಬಿಡಿಸಿ ಹೇಳಿದೆ. ಹೇಳುತ್ತಿದ್ದ ಹಾಗೇ ನನ್ನ ನಾಲಿಗೆ ನಿಂತಿತು. ಅಣ್ಣನ ಕಡೆ ನೋಡಿದೆ. ಅವನ ಬಾಯಿ ಮೆಲ್ಲಗೆ ತೆರೆದುಕೊಳ್ಳುತ್ತಿತ್ತು.

"ಆಯಿ" ಎಂದೆ. "ಬೆಳಿಗ್ಗೆ ದೃಷ್ಟಿ ತೆಗಿ ಹೇಳಿದ್ದು ಯಾವುದಕ್ಕೆ?"

"ಯಾವುದಕ್ಕೆ ಅಂದ್ರೆ? ಅದ್ಕೆ" ಎಂದು ಆಯಿ ಅತ್ತಿಗೆಯ ಕಡೆ ಕೈ ಮಾಡಿದಳು. "ರಾಶಿ ದಿನದ ಮೇಲೆ ನಿನ್ನೆ ಅದ್ರ ಮುಖ ನೋಡಿದೆ. ಸೊರಗಿ ಕಡ್ಡಿಯಾಜು. ಊರಿನ ಕಣ್ಣೆಲ್ಲ ಅದ್ರ ಮ್ಯಾಲೆ. ಬೆಳಗಾಗದ್ರೊಳಗೆ ಎದ್ದು ಓಡಿಹೋತು, ಅದ್ಕೇ ಇವನ ಕೈಲಿ ಕೊಟ್ಟು ಕಳಿಸ್ದೆ. ಕಬ್ಬಿಣದ ಪೈಪಿಗೆ ಎಂತಕ್ಕೆ ದೃಷ್ಟಿ ತೆಗಿಯವು? ಯಂಗೆ ಅಷ್ಟೂ ಬುದ್ಧಿ ಇಲ್ಯಾ?"

ಆಮೇಲೆ ಆಯಿ ಹುಬ್ಬಳ್ಳಿಯವನ ಕಡೆ ತಿರುಗಿ, ಅವನಿಗೆ ತಿಳಿಯಲಿ ಎಂದು ಪೇಟೆಯ ಮಾತಿನಲ್ಲಿ ಬಿಡಿಬಿಡಿಯಾಗಿ ಹೇಳಿದಳು: "ನೋಡಿ, ಹಾಲು ಕೆಟ್ಟದ್ದಲ್ಲ. ಕೆಡಿಸಿದ್ದು ನನ್ನ ಸುಣ್ಣದ ನೀರು. ಚೆಲ್ಲಿದ್ದು ನನ್ನ ಮಗ. ಅದರದ್ದು ಒಂದು ಚೂರೂ ತಪ್ಪಿಲ್ಲ."

ಅವನು ಅತ್ತಿಗೆಯನ್ನು ನೋಡಿದ. ಅತ್ತಿಗೆ ತೊಳೆಯುತ್ತಿದ್ದ ಕೊಳವೆಯ ಹತ್ತಿರವೇ ಕೂತಿದ್ದಳು, ಮೊಣಕೈವರೆಗೆ ಸಾಬೂನಿನ ನೊರೆ. ಅವಳು ಹೌದೆಂದು ತಲೆ ಆಡಿಸಿದಳು. ಅವನು ಹೆಗಲಿನ ಚೀಲವನ್ನು ಇಳಿಸಿ ಕೆಳಗಿಟ್ಟ. "ಚಾಲೂ ಮಾಡ್ರಿ ಮತ್ತ" ಎಂದ. "ಕತ್ತಲಾಗೂ ತನಕ ನೋಡೂಣು. ಬಸ್ಸು ಮತ್ತೊಂದು ಸಿಗತೈತಿ."

ಅಂದಿನ ಮಧ್ಯಾಹ್ನ ನನ್ನ ನೆನಪಿನಲ್ಲಿ ಬಹಳ ಉದ್ದವಾಗಿದೆ, ಎಲ್ಲಿಯೂ ಅಂಚಿಲ್ಲದ ಹಾಗೆ. ಹೊಸ ಹೆಪ್ಪು ತುಂಬಿ, ನೀರು ಕಾಯಿಸಿ, ಮೊದಲು ಬಂದ ತೆಳುವನ್ನು ಚೆಲ್ಲಿ, ನಿಜವಾದ ಹಾಲು ಪೈಪಿನಲ್ಲಿ ಕಾಣಿಸುವಾಗ ಬಿಸಿಲು ಓರೆಯಾಗಿತ್ತು. ಆಯಿ ಒಂದು ಖಾಲಿ ಡ್ರಮ್ಮನ್ನು ಬೋರಲು ಹಾಕಿಸಿ ಹೆಪ್ಪಿನ ಪಾತ್ರೆಯ ಪಕ್ಕ ಕೂತಳು. ಮುಚ್ಚಳದ ಮೇಲೆ ಒಂದು ಕೈ ಇಟ್ಟುಕೊಂಡಳು. ಅಣ್ಣ ಆ ಕಡೆ ಒಂದು ಹೆಜ್ಜೆ ಇಟ್ಟರೂ ಸಾಕು, "ಅಲ್ಲೇ ನಿಂತ್ಕ" ಎನ್ನುತ್ತಿದ್ದಳು. ಹುಬ್ಬಳ್ಳಿಯವನು ಮುಚ್ಚಳ ತೆಗೆದು ನೋಡಬಹುದೇ ಎಂದು ಕೇಳಿದರೆ ಅವನಿಗೂ ಬಿಡಲಿಲ್ಲ. ಅವನು ನಗುತ್ತ ದೂರ ಹೋಗಿ ಕೂತ. ಪಂಪಿನ ಸದ್ದಿಗೆ ಆಯಿಯ ತಲೆ ತೂಗಾಡುತ್ತಿತ್ತು. ಕಣ್ಣು ಮಾತ್ರ ನನ್ನ ಪೈಪಿನ ಮೇಲೆ. ಒಮ್ಮೆ, ಯಾರಿಗೂ ಅಲ್ಲದ ಹಾಗೆ, "ಎಷ್ಟು ತಂಪು ಕಾಣ್ತು ಇದು" ಎಂದಳು. ಅತ್ತಿಗೆ ಕೇಳಿಸಿಕೊಂಡಳು. ನಾನು ಅವಳ ಬೆನ್ನು ನೋಡುತ್ತಿದ್ದೆ, ಅದು ಸ್ವಲ್ಪ ಸಡಿಲವಾಯಿತು.

ದೀಪ ಹಾಕುವ ಹೊತ್ತಿಗೆ ಹುಬ್ಬಳ್ಳಿಯವನು ಕೊನೆಯ ಸೀಸೆ ಹಿಡಿದ. ಬೆಳಿಗ್ಗೆಯದನ್ನೂ ಇದನ್ನೂ ಪಕ್ಕಪಕ್ಕಕ್ಕೆ ಗಾಜಿನ ಮೇಲೆ ಎಳೆದ. ಎರಡು ಬಿಳಿ ಪಟ್ಟಿಗಳು. ನಾವೆಲ್ಲ ಗಾಜಿನ ಸುತ್ತ ಬಗ್ಗಿ ನಿಂತೆವು, ಆಯಿಯೊಬ್ಬಳು ಮುಚ್ಚಳ ಬಿಟ್ಟು ಏಳಲಿಲ್ಲ. ಬಿಳಿ ಅಂಚಿನಿಂದ ಕರಗಿತು, ನಡುವಿಗೆ ಬಂತು, ಒಂದು ಎಳೆಯಷ್ಟಾಯಿತು, ಹೋಯಿತು. ಯಾವ ಪಟ್ಟಿ ಬೆಳಿಗ್ಗೆಯದು, ಯಾವುದು ಸಂಜೆಯದು ಎಂದು ಅವನಿಗೇ ಗೊತ್ತಾಗಲಿಲ್ಲ. ಗಾಜಿನ ಅಂಚಿನಲ್ಲಿ ತಾನೇ ಹಾಕಿದ ಗುರುತನ್ನು ಹುಡುಕಿದ. "ಸುರುಳಿ ಬಿಚ್ಚಬ್ಯಾಡ್ರಿ ಮೇಡಂ" ಎಂದ. "ನಾಳಿಂದ ಡ್ರಮ್ ತೊಳದ ಇಡ್ರಿ." ಅಣ್ಣ ಅವನನ್ನು ಬಸ್‌ಸ್ಟ್ಯಾಂಡಿಗೆ ಬಿಟ್ಟು ಬರಲು ಹೊರಟ.

ಶೆಡ್ಡಿನಲ್ಲಿ ನಾವು ಮೂವರೇ ಉಳಿದೆವು. ಪಂಪು ಓಡುತ್ತಿತ್ತು, ಅದನ್ನು ನಿಲ್ಲಿಸುವ ಮನಸ್ಸು ಯಾರಿಗೂ ಇರಲಿಲ್ಲ. ಅತ್ತಿಗೆ ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು ಬಂದು ಆಯಿಯ ಎದುರು ನೆಲದ ಮೇಲೆ ಕೂತಳು. ಅವಳಿಗೆ ಇಂಥದರಲ್ಲೆಲ್ಲ ನಂಬಿಕೆ ಇಲ್ಲ. ದೃಷ್ಟಿಯ ಮಾತು ಬಂದರೆ ನನ್ನ ಎದುರು ಎಷ್ಟೋ ಸಲ ನಕ್ಕವಳು.

"ಅತ್ತೆ" ಎಂದಳು, ತನ್ನ ಕಡೆಗೇ ಬೆರಳು ಮಾಡಿಕೊಂಡು. "ಬೆಳಿಗ್ಗೆ ನೀವು ಕಳಿಸಿದ್ದು ಯಂಗೆ ಮುಟ್ಟಿದ್ದೇ ಇಲ್ಲೆ."

ಆಯಿ ಮುಚ್ಚಳದ ಮೇಲಿಂದ ಕೈ ತೆಗೆದಳು. ಓಕುಳಿ ನೀರು ಇರಲಿಲ್ಲ, ಇದ್ದರೂ ಆ ಶೆಡ್ಡಿನೊಳಗೆ ಅದನ್ನು ತರಲು ಇನ್ನು ಅವಳೇ ಬಿಡುತ್ತಿರಲಿಲ್ಲ. ಬರಿ ಎರಡೂ ಕೈಗಳನ್ನು ಅತ್ತಿಗೆಯ ನೆತ್ತಿಯಿಂದ ಕೆನ್ನೆಗಳ ಮೇಲೆ ಕೆಳಗಿನವರೆಗೆ ಇಳಿಸಿ, ಮಡಚಿದ ಬೆರಳುಗಳನ್ನು ತನ್ನ ಎರಡೂ ಕಿವಿಗಳ ಮೇಲ್ಗಡೆ ಒತ್ತಿ ನೆಟಿಗೆ ಮುರಿದಳು. ಪಂಪಿನ ಸದ್ದಿನಲ್ಲಿಯೂ ಎಲ್ಲ ಬೆರಳೂ ಲಟಲಟ ಎಂದದ್ದು ನನಗೆ ಕೇಳಿತು.

"ಹೋತು" ಎಂದಳು ಆಯಿ. "ನೋಡು, ಎಷ್ಟಿತ್ತು. ಎಲ್ಲಾ ಹೋತು."

ಅತ್ತಿಗೆ ತಲೆ ಎತ್ತಲಿಲ್ಲ. ಆಯಿಯ ಮಡಿಲಿಗೆ ಹಣೆ ತಾಗಿಸಿ ಕೂತಲ್ಲೇ ಕೂತಿದ್ದಳು, ಭುಜ ಅಲುಗುತ್ತಿತ್ತು.

"ಇನ್ನೂ ಇದ್ದು, ಅತ್ತೆ" ಎಂದಳು.